ಎರಡು ಮಹಡಿಗಳ ನಡುವೆ

"ಬಾಗಿಲು ಹಾಕ್ಲಾ ಮೇಡಂ?"

ಲಿಫ್ಟ್ ಮೆಕ್ಯಾನಿಕ್ ಹೀಗೆ ಕೇಳಿದ್ದು ಎರಡನೇ ಸಲ. ಮೊದಲ ಸಲ ಇನ್‌ಸ್ಪೆಕ್ಟರ್ ಹೂಂ ಅಂದಿದ್ದಳು. ಆದರೆ ಬಾಗಿಲು ಅರ್ಧ ಮುಚ್ಚುವಷ್ಟರಲ್ಲಿ ಕಾಲು ಅಡ್ಡ ಕೊಟ್ಟು ಹೊರಗೆ ಬಂದುಬಿಟ್ಟಿದ್ದಳು. ಬೂಟಿಗೆ ಏನೋ ಅಂಟಿದೆ ಎಂದು ಸುಳ್ಳು ಹೇಳಿ, ಅದನ್ನು ನೆಲಕ್ಕೆ ಉಜ್ಜುತ್ತ ನಿಂತಿದ್ದಳು. ಮೆಕ್ಯಾನಿಕ್ ಸಂಭಾವಿತ. ಬೂಟಿನ ಕಡೆ ನೋಡಲೇ ಇಲ್ಲ.

"ಹಾಕಿ," ಎಂದಳು ಈಗ.

ಉಕ್ಕಿನ ಎರಡು ಹಲಗೆಗಳು ಎಡಬಲದಿಂದ ಸರಿದು ಬಂದು ಅವಳ ಮುಖದೆದುರು ಕೂಡಿಕೊಂಡವು.

ಹೋದ ವರ್ಷ ಇದೇ ಲಿಫ್ಟಿನಲ್ಲಿ ಅವಳು ಸಿಕ್ಕಿಹಾಕಿಕೊಂಡಿದ್ದಾಗ, ಬಾಗಿಲಿನ ಆಚೆ ಬದಿಗೆ ಬೆನ್ನು ಕೊಟ್ಟು ಕೂತು ಅವಳ ಸಬ್‌ಇನ್‌ಸ್ಪೆಕ್ಟರ್ ಪ್ರಾಣ ಬಿಟ್ಟಿದ್ದ. ಆರಡಿ ಎತ್ತರದ ಆ ಆಸಾಮಿಗೆ ಠಾಣೆಯವರು ಇಟ್ಟಿದ್ದ ಹೆಸರು ಗುಬ್ಬಿ.

ಅವತ್ತು ಇಬ್ಬರೂ ಬಂದದ್ದು ಕೋಟು ಎಂಬ ಕೊಲೆಗಾರನನ್ನು ಹಿಡಿಯಲು. ಬೇಸಿಗೆಯಲ್ಲೂ ಕೋಟು ಬಿಚ್ಚದವನಾದ್ದರಿಂದ ಆ ಹೆಸರು. ಮುಚ್ಚಿಹೋಗಿದ್ದ ಈ ಬಟ್ಟೆ ಮಳಿಗೆಯ ಮೇಲಿನ ಮಹಡಿಯಲ್ಲಿ ಅವನು ಅಡಗಿದ್ದಾನೆ ಎಂಬ ಸುಳಿವು ಸಿಕ್ಕಿತ್ತು. ಗುಬ್ಬಿ ಮೆಟ್ಟಿಲು ಹಿಡಿದ, ಅವಳು ಲಿಫ್ಟ್ ಹತ್ತಿದಳು. ಎರಡನೇ ಮಹಡಿ ದಾಟಿ ಮೂರನೆಯದಕ್ಕೆ ಮುಟ್ಟುವ ಮುನ್ನ ಲಿಫ್ಟ್ ನಿಂತುಹೋಯಿತು. ಮುಂದೆ ಕೋಟಿನ ಹೆಣ ಕಾಲುವೆಯಲ್ಲಿ ತೇಲಿತು. ಗುಬ್ಬಿಯನ್ನು ಇರಿದವನು ಅವನೇ, ಓಡುವಾಗ ಕತ್ತಲಲ್ಲಿ ನೀರಿಗೆ ಬಿದ್ದ ಎಂದು ಬರೆದು ಫೈಲು ಕಟ್ಟಿಟ್ಟರು.

ಆ ಫೈಲಿನ ಗಂಟು ಸಡಿಲಾದದ್ದು ಇವತ್ತು ಬೆಳಿಗ್ಗೆ. ಕಟ್ಟಡ ಮಾರಾಟವಾಗುತ್ತಿದೆ ಎಂದು ಲಿಫ್ಟ್ ನೋಡಲು ಬಂದಿದ್ದ ಮೆಕ್ಯಾನಿಕ್, ಮಾತಿನ ನಡುವೆ ಹೆಡ್ ಕಾನ್‌ಸ್ಟೇಬಲ್ಲಿಗೆ ಒಂದು ವಿಷಯ ಹೇಳಿದ್ದ. ಅವತ್ತು ಲಿಫ್ಟ್ ಕೆಟ್ಟಿರಲೇ ಇಲ್ಲ. ಪೊಲೀಸರು ಕರೆಸಿದಾಗ ಅವನು ರಿಪೇರಿ ಅಂತ ಏನೂ ಮಾಡಲಿಲ್ಲ. ನೆಲಮಹಡಿಯಲ್ಲಿ ಯಾರೋ ಕೆಳಗೆ ಇಳಿಸಿದ್ದ ಮೇನ್ ಸ್ವಿಚ್ಚನ್ನು ಮೇಲೆ ಎತ್ತಿದ, ಅಷ್ಟೇ. ಲಿಫ್ಟ್ ನಡೆಯಿತು.

ಕೋಟು ಇದ್ದದ್ದು ಮೇಲೆ. ಗುಬ್ಬಿ ಮೆಟ್ಟಿಲ ಮೇಲೆ. ಅವಳು ಲಿಫ್ಟಿನೊಳಗೆ. ಹಾಗಾದರೆ ಕೆಳಗೆ ಸ್ವಿಚ್ ಇಳಿಸಿದ ಕೈ ಯಾರದು?

ಇದನ್ನು ಮೇಲಧಿಕಾರಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ಕೆಲಸಕ್ಕೆ ಮರಳಿದ ಮೇಲೆ ಅವಳಿಗೆ ಕೊಟ್ಟಿದ್ದು ಬರೀ ಮೇಜಿನ ಕೆಲಸ. ಈಚೆಗೆ ಪೇಟೆ ಬೀದಿಯಲ್ಲಿ ಒಬ್ಬ ಅಂಗಡಿಯವನು ಷಟರ್ ಎಳೆದ ಸದ್ದಿಗೆ ಅವಳಿಗೆ ಏನಾಯಿತೋ, ಆ ಬಡಪಾಯಿಯ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಒತ್ತಿಬಿಟ್ಟಿದ್ದಳು. ಅವನು ಕೈಮುಗಿದು ಬೇಡಿಕೊಂಡ ಮೇಲೆ ತಾನು ಎಲ್ಲಿದ್ದೇನೆ ಎಂದು ಗೊತ್ತಾಗಿತ್ತು. ಅಂದಿನಿಂದ ಠಾಣೆಯಲ್ಲಿ ಎಲ್ಲರೂ ಅವಳ ಹತ್ತಿರ ಕಾಯಿಲೆಯವರ ಜೊತೆ ಆಡುವ ದನಿಯಲ್ಲೇ ಮಾತಾಡುತ್ತಿದ್ದರು.

ಹಾಗಾಗಿ ಇವತ್ತು ಅವಳು ಇಲ್ಲಿಗೆ ಬಂದದ್ದು ಒಬ್ಬನಿಗೆ ಮಾತ್ರ ಗೊತ್ತು. ಅವನೇ ಹೆಡ್ ಕಾನ್‌ಸ್ಟೇಬಲ್. ಠಾಣೆಯ ಬಾಯಲ್ಲಿ ಹೆಡ್ಡು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನು, ನಿವೃತ್ತಿ ಹತ್ತಿರ ಬಂದಿದ್ದವನು. ಈಗ ಮೂರನೇ ಮಹಡಿಯಲ್ಲಿ, ಗುಬ್ಬಿ ನಿಂತಿದ್ದ ಜಾಗದಲ್ಲೇ ನಿಂತಿದ್ದ.

ಲಿಫ್ಟ್ ಏರತೊಡಗಿತು. ಮೊದಲಿನ ಹಾಗೇ ಎರಡನೇ ಮಹಡಿ ದಾಟುವಾಗ ಸಣ್ಣಗೆ ಕುಲುಕಿತು. ಮೊದಲೇ ಮಾತಾಡಿಕೊಂಡಂತೆ ಕೆಳಗೆ ಮೆಕ್ಯಾನಿಕ್ ಸ್ವಿಚ್ ಇಳಿಸಿದ. ದೀಪ ಆರಿತು. ಲಿಫ್ಟ್ ನಿಂತಿತು.

ಅವಳು ಗೋಡೆಗೆ ಒರಗಿ ಜಾರಿ ಕೂತಳು. ಮನೋವೈದ್ಯೆ ಹೇಳಿಕೊಟ್ಟಿದ್ದಳು: ಉಸಿರನ್ನು ಹೊಟ್ಟೆಗೆ ಎಳೆದುಕೊಳ್ಳಿ, ಎದೆಗಲ್ಲ. ಎಳೆದುಕೊಳ್ಳಲು ನೋಡಿದಳು. ಹೊಟ್ಟೆ ಎಲ್ಲಿದೆ ಎಂದೇ ತಿಳಿಯಲಿಲ್ಲ.

ಅವತ್ತು ಒಳಬಾಗಿಲನ್ನು ಉಗುರು ಕಿತ್ತುಬರುವಂತೆ ಎಳೆದು ತೆರೆದಿದ್ದಳು. ಎದುರಿಗೆ ಎದೆಮಟ್ಟದವರೆಗೂ ಬೋಳು ಗೋಡೆ. ಅದರ ಮೇಲೆ ಮೂರನೇ ಮಹಡಿಯ ಹೊರಬಾಗಿಲಿನ ಕೆಳಭಾಗ. ಅದು ಮಾತ್ರ ಜಗ್ಗಲಿಲ್ಲ. ಆಚೆಯಿಂದ ಓಡುತ್ತ ಬಂದ ಬೂಟಿನ ಸದ್ದು. ಗುಬ್ಬಿ ಬಾಗಿಲು ತಟ್ಟಿದ್ದ. ಹೆದರಬೇಡಿ ಮೇಡಂ, ನಾನಿಲ್ಲೇ ಇದ್ದೀನಿ ಎಂದಿದ್ದ. ಅಲ್ಲಿಗೆ ನೆನಪು ಕತ್ತರಿಸಿಟ್ಟ ಹಾಗೆ ನಿಂತುಬಿಡುತ್ತಿತ್ತು. ಮತ್ತೆ ಶುರುವಾಗುವುದು ಬಾಗಿಲಿನ ಸಂದಿನಿಂದ ಇಳಿಯುತ್ತಿದ್ದ ರಕ್ತದಿಂದ. ನಡುವೆ ಏನೂ ಇಲ್ಲ. ವರ್ಷವಿಡೀ ಅದನ್ನು ಅಗೆದರೂ ಏನೂ ಸಿಕ್ಕಿರಲಿಲ್ಲ. ಅದು ಮರಳಬಹುದೇನೋ ಎಂದೇ ಇವತ್ತು ಮತ್ತೆ ಇದರೊಳಗೆ ಬಂದು ಕೂತದ್ದು.

"ಮೇಡಂ, ಇದ್ದೀರಾ?" ಹೆಡ್ಡು ಮೇಲಿಂದ ಕೇಳಿದ.

ಅವನು ಏನಾದರೂ ಮಾತಾಡುತ್ತಿರಲಿ ಎಂದು ಮೊದಲೇ ಹೇಳಿಟ್ಟಿದ್ದಳು. ಪಾಪ, ಹೆಡ್ಡುವಿಗೆ ಬಾಗಿಲಿನ ಜೊತೆ ಏನು ಮಾತಾಡಬೇಕೆಂದು ತೋಚಲಿಲ್ಲ. ಮಗಳಿಗೆ ಗಂಡು ನೋಡುತ್ತಿರುವ ವಿಷಯ ಶುರುಮಾಡಿದ. ಹುಡುಗ ಒಳ್ಳೆಯವನೇ, ಆದರೆ ಅವನ ದೊಡ್ಡಪ್ಪ ಬಾಯಿ ತೆಗೆದರೆ ಮುಚ್ಚುವುದಿಲ್ಲ ಎಂದು ಒಂದೇ ದನಿಯಲ್ಲಿ ಹೇಳುತ್ತ ಹೋದ.

ಮಾತುಗಳು ಬಾಗಿಲಿನ ಮೂಲಕ ಇಳಿದು ಬರುವಾಗ ಅಕ್ಷರ ಅಳಿಸಿಹೋಗಿ ಬರೀ ಏರಿಳಿತ ಉಳಿಯುತ್ತಿತ್ತು. ಆ ಏರಿಳಿತದೊಳಗಿಂದ ಇನ್ನೊಂದು ದನಿ ಬಂತು. ಅದು ಹೆಡ್ಡುವಿನದಲ್ಲ. ತುಸು ಮೂಗಿನಲ್ಲಿ ಆಡುವ, ಯಾವಾಗಲೂ ಆತುರದಲ್ಲಿರುವ ದನಿ.

*ಭಾವ, ನೀವು ಕೆಳಗೆ ಹೋಗಿ. ಇಲ್ಲಿ ನಾನು ನೋಡ್ಕೋತೀನಿ.*

ಅವಳು ಎದ್ದು ನಿಂತು ಎರಡೂ ಕೈಯಿಂದ ಬಾಗಿಲು ಬಡಿದಳು.

ಮೆಕ್ಯಾನಿಕ್ ಸ್ವಿಚ್ ಎತ್ತಿ ಮೇಲೆ ಓಡಿ ಬಂದ. ಅವನೂ ಹೆಡ್ಡುವೂ ಅವಳನ್ನು ಕೈಹಿಡಿದು ಹೊರಗೆ ಎಳೆದುಕೊಂಡರು. ಮೆಕ್ಯಾನಿಕ್ ತನ್ನ ನೀರಿನ ಬಾಟಲಿ ಕೊಟ್ಟ. ಅವಳು ಕುಡಿಯುವುದಕ್ಕಿಂತ ಹೆಚ್ಚು ಮೈಮೇಲೆ ಚೆಲ್ಲಿಕೊಂಡಳು. ಅವನು ಅತ್ತ ಹೋದ ಮೇಲೆ ತಾನು ಕೇಳಿದ್ದನ್ನು ಹೆಡ್ಡುವಿಗೆ ಹೇಳಿದಳು.

ಹೆಡ್ಡು ಮೀಸೆ ಸವರಿದ. ಗುಬ್ಬಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ, ಆದ್ದರಿಂದ ಅಕ್ಕನ ಗಂಡ ಎಂಬ ಲೆಕ್ಕ ಬರುವುದಿಲ್ಲ ಎಂದ. ಉಳಿದದ್ದು ಹೆಂಡತಿಯ ಅಣ್ಣ. ಒಬ್ಬನಿದ್ದಾನೆ, ಊರಿನ ಈಜುಕೊಳ ನೋಡಿಕೊಳ್ಳುತ್ತಾನೆ. ತಂಗಿಯ ಮದುವೆಯ ದಿನ ಎಲ್ಲರ ಮುಂದೆ ಗುಬ್ಬಿಯ ಎದೆಗೆ ಕೈಹಾಕಿ, ನಿನ್ನನ್ನ ಒಂದು ದಿನ ನೋಡ್ಕೋತೀನಿ ಅಂದಿದ್ದನ್ನು ಹೆಡ್ಡು ತನ್ನ ಕಣ್ಣಾರೆ ಕಂಡಿದ್ದ. ಇನ್ನೂ ಒಂದು ಮಾತಿತ್ತು. ಗುಬ್ಬಿ ಸತ್ತ ದಿನ ಸುದ್ದಿ ಮುಟ್ಟಿಸಲು ಹೆಡ್ಡುವೇ ಈಜುಕೊಳಕ್ಕೆ ಹೋಗಿದ್ದ. ಭಾವ ಅಲ್ಲಿರಲಿಲ್ಲ. ಬೆಳಿಗ್ಗೆಯೇ ಬೀಗ ಹಾಕಿಕೊಂಡು ಹೋಗಿದ್ದಾನೆ ಎಂದು ಪಕ್ಕದ ಅಂಗಡಿಯವರು ಹೇಳಿದ್ದರು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಕೋಟು ಸಿಕ್ಕಿದ್ನಲ್ಲ ಮೇಡಂ. ಸಿಕ್ಕಿದ ಮೇಲೆ ಸಾವಿನ ಮನೆಯವರ ಮೇಲೆ ಯಾರು ಅನುಮಾನ ಪಡ್ತಾರೆ?"

ಆಮೇಲೆ ಅವನು ತುಂಬ ಮೆಲ್ಲಗೆ, ನೋಯಿಸದ ಹಾಗೆ, ಆ ದನಿ ನಿಜವಾಗಿ ಅವತ್ತಿನದೇ ಅಂತ ಖಾತ್ರಿ ಇದೆಯೇ ಎಂದು ಕೇಳಿದ.

ಖಾತ್ರಿ ಇರಲಿಲ್ಲ. ಮನೋವೈದ್ಯೆ ಎಚ್ಚರಿಸಿದ್ದಳು. ಖಾಲಿ ಜಾಗವನ್ನು ಮನಸ್ಸು ಬಹಳ ದಿನ ಸಹಿಸುವುದಿಲ್ಲ, ಏನನ್ನಾದರೂ ತಂದು ತುಂಬಿಬಿಡುತ್ತದೆ. ತುಂಬಿದ್ದು ನಿಜದಷ್ಟೇ ಗಟ್ಟಿಯಾಗಿ ಕಾಣುತ್ತದೆ ಎಂದಿದ್ದಳು.

ಆದರೂ ಅವಳು ಜೀಪಿನ ಕಡೆ ನಡೆದಳು.

*

ಈಜುಕೊಳದಲ್ಲಿ ನೀರಿರಲಿಲ್ಲ.

ವರ್ಷಕ್ಕೊಮ್ಮೆ ಬಸಿದು ತೊಳೆಯುವ ಕಾಲ. ನೀಲಿ ಹೆಂಚಿನ ದೊಡ್ಡ ಗುಂಡಿ ಬಿಸಿಲಿಗೆ ಬಾಯ್ದೆರೆದು ಬಿದ್ದಿತ್ತು. ಆಳದ ಬದಿಯ ತಳದಲ್ಲಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿಕೊಂಡ ಅಗಲ ಭುಜಗಳ ಒಬ್ಬ ಗಂಡಸು ಉದ್ದ ಹಿಡಿಯ ಬ್ರಷ್ಷಿನಿಂದ ಹೆಂಚು ಉಜ್ಜುತ್ತಿದ್ದ. ಬ್ಲೀಚಿಂಗ್ ಪುಡಿಯ ವಾಸನೆ ಕಣ್ಣಿಗೇ ಬಡಿಯುತ್ತಿತ್ತು.

ಇನ್‌ಸ್ಪೆಕ್ಟರ್ ದಡದ ಮೇಲೆ ನಿಂತು, ಸ್ವಲ್ಪ ಮೇಲೆ ಬರುವಂತೆ ಕರೆದಳು. ಅವನು ತಲೆಯೆತ್ತಿ ನೋಡಿದ. ಗುರುತು ಹಿಡಿದ. ಬ್ರಷ್ ನಿಲ್ಲಲಿಲ್ಲ.

"ಪುಡಿ ಒಣಗಿದ್ರೆ ಮತ್ತೆ ಮೊದಲಿಂದ ಉಜ್ಜಬೇಕು. ಮಾತಾಡೋದಿದ್ರೆ ನೀವೇ ಇಳಿದು ಬನ್ನಿ."

ಕಬ್ಬಿಣದ ಏಣಿ. ನಾಲ್ಕು ಕಡೆ ಗೋಡೆ. ಮೇಲೆ ಆಕಾಶ ಇದೆ, ಇದು ಲಿಫ್ಟಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೆಡ್ಡು ತಾನೂ ಬರಲೇ ಎಂಬಂತೆ ನೋಡಿದ. ಬೇಡವೆಂದು ಕೈಯಾಡಿಸಿ ಇಳಿದಳು. ತಳ ಮುಟ್ಟಿದಾಗ ಗೋಡೆಗಳು ಅವಳ ತಲೆಗಿಂತ ಎತ್ತರವಿದ್ದವು. ಬೆನ್ನಿಗೆ ಗೋಡೆ ತಾಗದಂತೆ ಎಚ್ಚರದಿಂದ ನಡುವೆ ಬಂದು ನಿಂತಳು.

ಗುಬ್ಬಿ ಸತ್ತ ದಿನ ಎಲ್ಲಿದ್ದಿರಿ ಎಂದು ನೇರವಾಗಿ ಕೇಳಿದಳು.

ಅವನು ಬ್ರಷ್ಷನ್ನು ಗೋಡೆಗೆ ಆನಿಸಿದ. ಸೊಂಟಕ್ಕೆ ಕಟ್ಟಿದ್ದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ಒಂದು ವರ್ಷ ಆಯ್ತು. ಒಂದು ಸಲಾನೂ ನನ್ನ ತಂಗಿ ಮನೆ ಕಡೆ ಬರಲಿಲ್ಲ ನೀವು. ಅವಳು ಬಾಗಿಲು ನೋಡ್ಕೊಂಡು ಕೂತಿರ್ತಿದ್ಲು. ಕೊನೇ ಗಳಿಗೇಲಿ ಅವನ ಹತ್ತಿರ ಇದ್ದವರು ನೀವೊಬ್ರೇ, ಬಂದು ಏನಾದ್ರೂ ಹೇಳ್ತೀರಿ ಅಂತ. ಈಗ ಬಂದ್ರಿ. ಬಂದದ್ದು ನನ್ನನ್ನ ಕೇಳೋಕೆ."

ಅವಳು ಎಷ್ಟೋ ಸಲ ಆ ಬೀದಿಯ ತಿರುವಿನವರೆಗೂ ಹೋಗಿ ವಾಪಸಾಗಿದ್ದಳು. ಹೇಳಲು ಏನೂ ನೆನಪಿಲ್ಲ ಎಂದು ಹೇಗೆ ಹೇಳುವುದು? ಆದರೆ ಈಗ ಅದನ್ನೆಲ್ಲ ಬಿಡಿಸಿ ಹೇಳುವ ಹೊತ್ತಲ್ಲ. ಮದುವೆ ಮನೆಯ ಜಗಳ ಎತ್ತಿದಳು. ಅವತ್ತು ಬೀಗ ಹಾಕಿಕೊಂಡು ಹೋಗಿದ್ದನ್ನು ಎತ್ತಿದಳು. ದನಿ ಗಡುಸಾಗಿಯೇ ಇತ್ತು. ಬೆರಳುಗಳು ಮಾತ್ರ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿದ್ದವು.

ಜಗಳವನ್ನು ಅವನು ಅಲ್ಲಗಳೆಯಲಿಲ್ಲ. ಗುಬ್ಬಿಯೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಒಂದೇ ಸೈಕಲ್ಲು ತುಳಿದವರು. ಗುಬ್ಬಿಗೆ ಈಜು ಕಲಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಷ್ಟೆತ್ತರದ ಮನುಷ್ಯ ಸೊಂಟಮಟ್ಟದ ನೀರಿನಲ್ಲೂ ಕಂಬಿ ಬಿಡುತ್ತಿರಲಿಲ್ಲ. ಅಂಥ ಗೆಳೆಯ ತನ್ನ ತಂಗಿಯನ್ನು ಇಷ್ಟಪಟ್ಟದ್ದು ಊರಿಗೆಲ್ಲ ಗೊತ್ತಾಗಿ, ಕಟ್ಟಕಡೆಗೆ ತನಗೆ ಗೊತ್ತಾಯಿತು. ಸಿಟ್ಟು ಬಂದದ್ದು ಅದಕ್ಕೆ. ಆ ಸಿಟ್ಟು ಮದುವೆಯ ಊಟ ಮುಗಿಯುವವರೆಗೂ ಉಳಿಯಲಿಲ್ಲ ಎಂದ.

"ಮತ್ತೆ ಅವತ್ತು ಎಲ್ಲಿದ್ರಿ?"

"ಹೆರಿಗೆ ಆಸ್ಪತ್ರೇಲಿ."

ಯಾರ ಹೆರಿಗೆ ಎಂಬಂತೆ ಅವಳು ಹುಬ್ಬೇರಿಸಿದಳು.

"ತಂಗೀನ ಕರ್ಕೊಂಡು ಹೋಗಿದ್ದೆ. ಅವತ್ತೇ ಗೊತ್ತಾಗಿದ್ದು. ಡಾಕ್ಟ್ರು ಹೇಳಿದ ತಕ್ಷಣ ಅವಳು ಅವನಿಗೆ ಫೋನ್ ಮಾಡೋಕೆ ಶುರುಮಾಡಿದ್ಲು. ಆಸ್ಪತ್ರೆ ಬೆಂಚಿನ ಮೇಲೆ ಕೂತು ಮಾಡ್ತಾನೇ ಇದ್ಲು. ಅವನು ಎತ್ತಲಿಲ್ಲ." ಅವನ ಕಣ್ಣು ಕೆಂಪಾಗಿತ್ತು. ಪುಡಿಯಿಂದಲೇ ಇರಬೇಕು. "ಮಗೂಗೆ ಈಗ ಹಲ್ಲು ಬರ್ತಿದೆ. ಬೇಕಿದ್ರೆ ಆಸ್ಪತ್ರೇಲಿ ವಿಚಾರಿಸಿ. ನಮ್ಮಿಬ್ಬರನ್ನೂ ಎಲ್ಲರೂ ನೋಡಿದ್ದಾರೆ."

ವಿಚಾರಿಸಬೇಕಾದ ಅಗತ್ಯ ಅವಳಿಗೆ ಕಾಣಲಿಲ್ಲ. ಎಷ್ಟೋ ಸುಳ್ಳುಗಾರರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದ ಕಿವಿ ಅದು. ಆ ಒಂದು ಕೆಲಸ ಮಾತ್ರ ಇನ್ನೂ ಕೆಟ್ಟಿರಲಿಲ್ಲ.

ಗುಬ್ಬಿಗೆ ಮಗು. ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಡಿ ಎಂದು ಯಾರೋ ಎಲ್ಲರಿಗೂ ಹೇಳಿದ್ದಿರಬೇಕು. ಹೆಂಚಿನ ಇಳಿಜಾರಿನ ಮೇಲೆ ಹಾಗೇ ಕೂತುಬಿಟ್ಟಳು. ಸಮವಸ್ತ್ರಕ್ಕೆ ಒದ್ದೆ ಹತ್ತಿತು.

ಬಂದ ಕೆಲಸ ಅಲ್ಲಿಗೇ ಮುಗಿದಿತ್ತು. ಎದ್ದು ಹೋಗಬಹುದಿತ್ತು. ಆದರೆ ಅವನಿಗೆ ಏನಾದರೂ ಕೊಟ್ಟು ಹೋಗಬೇಕೆನಿಸಿತು. ಬಾಗಿಲು ನೋಡಿಕೊಂಡು ಕೂತಿದ್ದ ಆ ಹೆಣ್ಣಿಗೆ ತಲುಪಬೇಕಾದದ್ದು ಒಂದು ಅವಳ ಹತ್ತಿರ ಇವತ್ತೇ ಬಂದಿತ್ತು.

"ಅವನ ಕೊನೇ ಮಾತು ನೆನಪಾಯ್ತು," ಎಂದಳು. "ನಿಮ್ಮನ್ನ ಕರೆದ ಅಂದುಕೊಂಡಿದ್ದೆ. ಅದಕ್ಕೇ ಬಂದೆ."

"ನನ್ನನ್ನಾ? ಏನಂತ?"

"ಭಾವ, ನೀವು ಕೆಳಗೆ ಹೋಗಿ ಅಂತ."

ಅವನು ಮೊದಲು ನಕ್ಕ. ಸಂತೋಷದ ನಗುವಲ್ಲ, ಬೇಸರದ್ದೂ ಅಲ್ಲ. ಸತ್ತವರ ಬಗ್ಗೆ ತುಂಬ ಹತ್ತಿರದವರು ನಗುವ ನಗು.

"ಭಾವ ಅಂತ ನನ್ನನ್ನ ಅವನು ಕರೆದ್ರೆ ಸೂರ್ಯ ಪಡುವಣಕ್ಕೆ ಹುಟ್ಟಬೇಕು ಮೇಡಂ. ನಾನು ಅವನಿಗೆ ಲೋ. ಮದುವೆ ಆದ ಮೇಲೆ ನಮ್ಮಮ್ಮ ಹೇಳಿಕೊಟ್ರು, ಇನ್ಮೇಲಾದ್ರೂ ಭಾವ ಅನ್ನಪ್ಪ ಅಂತ. ಅಂದ ಒಂದು ಸಲ. ಇಬ್ಬರೂ ಬಿದ್ದು ಬಿದ್ದು ನಕ್ವಿ. ಅಲ್ಲಿಗೆ ಮುಗೀತು."

"ಗಾಬರೀಲಿ ಅಂದಿರಬಹುದು."

"ಗಾಬರೀಲಿ ಬಾಯಿಗೆ ಬರೋದು ರೂಢಿ ಇರೋ ಮಾತು. ಅದೂ ನೀವು ಅಂದ್ನಾ? ನೀವು ಹೋಗಿ ಅಂತ? ನನಗೆ ಅವನು ಜನ್ಮದಲ್ಲಿ ನೀವು ಅಂದವನಲ್ಲ."

ಬ್ರಷ್ ಕೈಗೆತ್ತಿಕೊಂಡ. ಮತ್ತೆ ಏನೋ ಹೊಳೆದವನಂತೆ ನಿಂತ. ಅವನ ಮುಖದಲ್ಲಿದ್ದ ನಗು ನಿಧಾನವಾಗಿ ಇಳಿದುಹೋಗುವುದನ್ನು ಅವಳು ನೋಡಿದಳು.

"ಮೇಡಂ, ತಪ್ಪು ತಿಳೀಬೇಡಿ. ಡ್ಯೂಟಿ ಮುಗಿದ ಮೇಲೆ, ನಿಮ್ಮ ಮನೆಗೆ ಬಂದಾಗ, ನಿಮ್ಮನ್ನ ಅವನು ಏನಂತ ಕರೀತಿದ್ದ?"

ಮೇಲೆ ದಡದಲ್ಲಿ ಹೆಡ್ಡು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ. ಆ ಮಾತು ಖಾಲಿ ಗುಂಡಿಯಲ್ಲಿ ಸುತ್ತಿ ಸುತ್ತಿ ಬರುತ್ತಿತ್ತು.

"ಅಕ್ಕ," ಎಂದಳು.

ಅವನು ಮುಂದಿನದನ್ನು ಕೇಳಲಿಲ್ಲ. ತಿರುಗಿ ನಿಂತು ಹೆಂಚು ಉಜ್ಜತೊಡಗಿದ.

ಕೇಳುವ ಅಗತ್ಯವೂ ಇರಲಿಲ್ಲ. ಅಕ್ಕನ ಗಂಡ ಭಾವ. ಭಾನುವಾರ ಬಂದರೆ ಗುಬ್ಬಿ ಅವಳ ಮನೆಯ ಅಡುಗೆಮನೆ ಕಟ್ಟೆಯ ಮೇಲೆ ಹತ್ತಿ ಕೂತು, ಭಾವ ಹೀಗೆ, ಭಾವ ಹಾಗೆ ಎಂದು ಅವಳ ಗಂಡನ ತಲೆ ತಿನ್ನುತ್ತಿದ್ದ. ಲೋಕದಲ್ಲಿ ಅವನು ನಿಜವಾಗಿ ಭಾವ ಎಂದು ಕರೆಯುತ್ತಿದ್ದುದು ಒಬ್ಬನನ್ನೇ. ಬೆಳಗಿನಿಂದ ಇದೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಅವಳ ಬುದ್ಧಿ ಓಡಿತ್ತು.

*

ಜೀಪಿನಲ್ಲಿ ಹೆಡ್ಡು ಎರಡು ಸಲ ಕನ್ನಡಿಯಲ್ಲಿ ಅವಳ ಮುಖ ನೋಡಿದ.

ಅವಳನ್ನು ಲಿಫ್ಟಿನಿಂದ ಎತ್ತಿ ಹೊರತಂದಾಗ ಮೊದಲು ಕಂಡ ಮುಖ ಗಂಡನದು. ಅದು ಮಾತ್ರ ಸ್ಪಷ್ಟವಾಗಿ ನೆನಪಿತ್ತು. ಅವಳು ಬಿಗಿಯಾಗಿ ಹಿಡಿದಿದ್ದ ಅವನ ಅಂಗಿ, ತಲೆ ಸವರಿದ ಕೈ, ಕಣ್ಣು ಮುಚ್ಕೋ ಆ ಕಡೆ ನೋಡಬೇಡ ಎಂದ ಮೆಲುದನಿ. ಈ ವರ್ಷವನ್ನು ದಾಟಿಸಿದ್ದೇ ಆ ನೆನಪು. ಕೆಟ್ಟ ಕನಸು ಬಿದ್ದು ಎದ್ದಾಗಲೆಲ್ಲ ಅದನ್ನೇ ಹಿಡಿದುಕೊಂಡು ಮತ್ತೆ ಮಲಗುತ್ತಿದ್ದಳು.

ಈಗ ಮೊದಲ ಬಾರಿಗೆ ಅದನ್ನು ಹೆಂಡತಿಯಾಗಿ ಅಲ್ಲ, ಪೊಲೀಸ್ ಆಗಿ ನೋಡಿದಳು. ಅವನಿಗೆ ಹೇಳಿದವರು ಯಾರು?

ಅವತ್ತು ಮನೆಯವರಿಗೆ ತಿಳಿಸುವ ಕೆಲಸ ಹೆಡ್ಡುವಿನದಾಗಿತ್ತು. ನನ್ನ ಗಂಡನಿಗೆ ಫೋನ್ ಮಾಡಿದ್ದು ಯಾವಾಗ ಎಂದು ಕೇಳಿದಳು, ಸುಮ್ಮನೆ ಮಾತಿಗೆ ಕೇಳಿದ ಹಾಗೆ.

ಹೆಡ್ಡು ಗೇರು ಬದಲಿಸಿದ. ಮಾಡಲೇ ಇಲ್ಲವಲ್ಲ ಮೇಡಂ ಎಂದ. ಅವನು ಕಟ್ಟಡಕ್ಕೆ ಬಂದು, ಮೊದಲು ಆಂಬ್ಯುಲೆನ್ಸ್ ಕರೆಸಿ, ಆಮೇಲೆ ಸಾಹೇಬರಿಗೆ, ಅಂದರೆ ಅವಳ ಗಂಡನಿಗೆ, ತಿಳಿಸೋಣ ಎಂದು ನಂಬರು ಹುಡುಕುತ್ತಿದ್ದನಂತೆ. ತಲೆಯೆತ್ತಿ ನೋಡಿದರೆ ಸಾಹೇಬರು ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಬೇರೆ ಯಾರೋ ಹೇಳಿರಬೇಕು, ಹೇಗಿದ್ದರೂ ಅವರ ಅಂಗಡಿ ಎರಡು ಬೀದಿ ಆಚೆ ತಾನೇ ಎಂದುಕೊಂಡು ಅವನು ಫೋನು ಜೇಬಿಗೆ ಹಾಕಿಕೊಂಡಿದ್ದ.

"ಬರ್ತಾ ಇದ್ರಾ, ಕೂತಿದ್ರಾ?"

ಹೆಡ್ಡು ಯೋಚಿಸಿದ. ಯೋಚಿಸುತ್ತಿದ್ದ ಹಾಗೆ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಕೂತಿದ್ರು ಮೇಡಂ. ತಲೆ ಮೇಲೆ ಕೈ ಹೊತ್ತು ಕೂತಿದ್ರು."

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಮನೆಗೆ ಬಿಡಿ ಎಂದಳು. ಮನೆಯ ಮುಂದೆ ಇಳಿಯುವಾಗ, ಇಲ್ಲೇ ಕಾಯಲೇ ಎಂದು ಹೆಡ್ಡು ಕೇಳಿದ. ಬೇಡವೆಂದಳು. ಅವನು ಎಂಜಿನ್ ಆರಿಸಿ ಕಾದ.

*

ಅವಳ ಮನೆಯಲ್ಲಿ ಹೊರಬಾಗಿಲು ಬಿಟ್ಟರೆ ಬೇರೆ ಬಾಗಿಲಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೊದಲ ವಾರ, ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಂಡಾಗ ಅವಳು ಕಿರುಚಿ ಮೂಲೆ ಸೇರಿದ್ದಳು. ಮಾರನೆಯ ದಿನ ಗಂಡ ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಬಾಗಿಲು ಬಿಚ್ಚಿ ಹಿತ್ತಿಲಿಗೆ ಸಾಗಿಸಿದ. ಬಚ್ಚಲಿನದನ್ನೂ ಬಿಡಲಿಲ್ಲ. ಅತ್ತೆ ಬಂದಾಗ, ಇದೇನು ಮನೆಯೋ ಬಸ್‌ಸ್ಟ್ಯಾಂಡೋ ಎಂದು ಗೊಣಗಿದ್ದರು. ಪರದೆ ಇದೆಯಲ್ಲಮ್ಮ, ಹಾಡು ಹೇಳಿಕೊಂಡು ಸ್ನಾನ ಮಾಡು, ಯಾರೂ ಬರಲ್ಲ ಎಂದು ಅವನು ನಗಿಸಿದ್ದ.

ಅಂಥ ಮನುಷ್ಯ. ಕನ್ನಡಕದ ಅಂಗಡಿ ಇಟ್ಟುಕೊಂಡು, ಮುದುಕರ ಮೂಗಿನ ಮೇಲೆ ಕನ್ನಡಕ ಕೂರುವವರೆಗೂ ಹತ್ತು ಸಲ ಬಗ್ಗಿಸಿ ನೋಡುವಷ್ಟು ತಾಳ್ಮೆಯವನು. ಯಾರ ಮೇಲೂ ದನಿ ಎತ್ತಿದವನಲ್ಲ.

ಅವನು ಮಧ್ಯಾಹ್ನದ ಊಟ ಮುಗಿಸಿ ಸಿಂಕಿನ ಮುಂದೆ ತಟ್ಟೆ ತೊಳೆಯುತ್ತಿದ್ದ. ಅವಳ ಹೆಜ್ಜೆ ಕೇಳಿ, ಇವತ್ತೇನು ಇಷ್ಟು ಬೇಗ, ಊಟ ಆಯ್ತಾ, ಬಡಿಸಲಾ ಎಂದ. ತಿರುಗಿ ನೋಡಿದವನು ಅವಳ ಒದ್ದೆ ಸಮವಸ್ತ್ರ ಕಂಡು ಮಾತು ನಿಲ್ಲಿಸಿದ.

ಅವಳು ಚೌಕಟ್ಟಿಗೆ ಒರಗಿ ನಿಂತಿದ್ದಳು. ಬಾಗಿಲಿನ ಕೀಲು ಇದ್ದ ಜಾಗದಲ್ಲಿ ಸ್ಕ್ರೂ ತೂತುಗಳು ಬೆರಳಿಗೆ ತಾಗುತ್ತಿದ್ದವು.

ಠಾಣೆಯಲ್ಲಿ ಇಂಥ ಪ್ರಶ್ನೆಗಳನ್ನು ಹೇಗೆ ಕೇಳಬೇಕೆಂದು ಅವಳು ಹೊಸಬರಿಗೆ ಪಾಠ ಹೇಳಿಕೊಡುತ್ತಿದ್ದಳು. ಮೊದಲು ಸುತ್ತಮುತ್ತಲಿನದು, ಆಮೇಲೆ ಒಳಗಿನದು. ಈಗ ಒಂದೂ ನೆನಪಿಗೆ ಬರಲಿಲ್ಲ.

"ರೀ, ಅವತ್ತು ನೀವು ಎಲ್ಲಿದ್ರಿ?"

ಯಾವತ್ತು ಎಂದು ಅವನು ಕೇಳಲಿಲ್ಲ.

ನಲ್ಲಿ ನಿಲ್ಲಿಸಿದ. ತಟ್ಟೆಯನ್ನು ಸದ್ದಾಗದಂತೆ ಬೋರಲು ಹಾಕಿದ. ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತ. ಅವಳಿಗಾಗಿ ಇನ್ನೊಂದು ಕುರ್ಚಿಯನ್ನು ಸ್ವಲ್ಪ ಈಚೆ ಸರಿಸಿದ. ಅವಳು ಕೂರಲಿಲ್ಲ.

"ಅಲ್ಲೇ ಇದ್ದೆ," ಎಂದ.

ಹೊರಗೆ ಬೀದಿಯಲ್ಲಿ ಯಾರೋ ಗಾಡಿ ಶುರುಮಾಡಲು ಒದೆಯುತ್ತಿದ್ದರು. ಅದು ಶುರುವಾಗುತ್ತಿರಲಿಲ್ಲ.

"ಮೂರನೇ ಮಹಡೀಲಿ? ಕೆಳಗೆ ಸ್ವಿಚ್ ಇಳಿಸಿದ್ದೂ ನೀವೇನಾ?"

"ಹೂಂ."

"ಗುಬ್ಬಿ ನಿಮ್ಮನ್ನ ಕೆಳಗೆ ಹೋಗಿ ಅಂದ."

"ಅಂದ. ನಾನು ಹೋಗಲಿಲ್ಲ."

ಅವನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಅಲ್ಲಗಳೆಯುತ್ತಾನೆ, ನಿನಗೆ ಮತ್ತೆ ಹುಷಾರಿಲ್ಲ ಎನ್ನುತ್ತಾನೆ, ಮನೋವೈದ್ಯೆಗೆ ಫೋನ್ ಮಾಡುತ್ತಾನೆ ಎಂದುಕೊಂಡಿದ್ದಳು. ಹಾಗೆ ಮಾಡಿದ್ದರೆ ಒಳ್ಳೆಯದಿತ್ತು. ಅವಳು ಚೌಕಟ್ಟನ್ನು ಬಿಡಲಿಲ್ಲ.

ವರ್ಷಪೂರ್ತಿ ಒಂದೇ ಹಾಸಿಗೆಯಲ್ಲಿ ಮಲಗಿ, ನೆನಪು ಬರುತ್ತಿಲ್ಲ ಎಂದು ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ನೋಡುತ್ತ, ಹೇಗೆ ಸುಮ್ಮನಿದ್ದಿರಿ ಎಂದು ಕೇಳಿದಳು.

ಅವನು ತಲೆಯ ಮೇಲೆ ಸಿಕ್ಕಿಸಿಕೊಂಡಿದ್ದ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟ. ಕನ್ನಡಕವಿಲ್ಲದೆ ಅವನ ಕಣ್ಣು ಯಾವಾಗಲೂ ತುಸು ದಣಿದಂತೆ ಕಾಣುತ್ತಿತ್ತು. ಆ ಕಣ್ಣಿನಲ್ಲಿ ಅವಳು ಭಯವನ್ನು ಹುಡುಕಿದಳು. ಕಂಡದ್ದು ಮರುಕ.

"ನೀನಾಗಿ ಕೇಳೋವರೆಗೂ ನಾನು ಬಾಯಿ ಬಿಡಬಾರದು ಅಂದುಕೊಂಡಿದ್ದೆ. ಕೇಳದೇ ಹೋದ್ರೆ ಇನ್ನೂ ಒಳ್ಳೇದು, ಹಾಗೇ ಇದ್ದುಬಿಡೋಣ ಅಂತಾನೂ ಅನ್ನಿಸ್ತಿತ್ತು."

"ಅಲ್ಲಿಗೆ ಯಾಕೆ ಬಂದ್ರಿ? ನಾವು ಅಲ್ಲಿದ್ದೀವಿ ಅಂತ ನಿಮಗೆ ಹೇಳಿದ್ದು ಯಾರು?"

ಅವಳು ನಿಜವಾಗಿ ಕೇಳುತ್ತಿದ್ದಾಳೋ, ಪರೀಕ್ಷೆ ಮಾಡುತ್ತಿದ್ದಾಳೋ ಎಂದು ತಿಳಿಯಲಾರದವನಂತೆ ಅವಳ ಮುಖವನ್ನೇ ನೋಡಿದ.

"ನಿಜವಾಗ್ಲೂ ನೆನಪಿಲ್ವಾ ನಿನಗೆ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಬಿಲ್ಡಿಂಗ್ ಒಳಗೆ ಕಾಲಿಡೋ ಮುಂಚೆ ಅಂಗಡಿಗೆ ಫೋನ್ ಮಾಡಿ ನನ್ನನ್ನ ಕರೆಸಿದ್ದು ನೀನು," ಎಂದ ಗಂಡ. "ಏನೇ ಆದ್ರೂ ಗುಬ್ಬೀನ ನಂಬಬೇಡಿ ಅಂದಿದ್ದೂ ನೀನೇ."